ಚೊಂಬಿನಲ್ಲಿ ಬಂದ ಹೊಳೆ

ಇವತ್ತು ಬೆಳಿಗ್ಗೆ ಬೇಲೂರು ಬಸ್ಸಿನ ಕಂಡಕ್ಟರು ಕೊಟ್ಟ ಗಂಟಿನಿಂದ ಸೊಪ್ಪಿನ ವಾಸನೆ ಬರಲಿಲ್ಲ, ಕೆಸರಿನ ವಾಸನೆ ಬಂತು. ನನ್ನ ಸೋದರತ್ತೆ ತಾಯಮ್ಮನ ಊರು ಬೇಲೂರಿನಾಚೆ, ಹೊಳೆದಂಡೆಯಲ್ಲಿ. ಎಷ್ಟೋ ವರ್ಷಗಳಿಂದ ವಾರಕ್ಕೊಮ್ಮೆ ಹೊನಗೊನೆ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಹಳೇಬೀಡಿನ ಮೇಲೆ ಬರುವ ಬಸ್ಸಿಗೆ ಹಾಕಿ, ಅರಸೀಕೆರೆಯಲ್ಲಿರುವ ನನಗೆ ಕಳಿಸುತ್ತಾಳೆ. ಇವತ್ತು ಬಿಚ್ಚಿದರೆ ಮುಚ್ಚಳ ಬಿಗಿದ ಪ್ಲಾಸ್ಟಿಕ್ ಬಾಟಲಿ, ಒಳಗೆ ಕಪ್ಪು ಕೆಸರು.

ನಾನು ಇಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಪರೀಕ್ಷೆಯ ನೀರನ್ನು ಲೋಹದ ಪಾತ್ರೆಯಲ್ಲಿ ಹಿಡಿಯಬಾರದು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆಯುವ ಮಹಾನುಭಾವ. ನೀವೂ ಇಂಥವರ ಕೈಯಲ್ಲಿ ಓದಿಯೇ ಬಂದಿರುತ್ತೀರಿ, ನನ್ನ ಮೇಲೆ ಸ್ವಲ್ಪ ಕರುಣೆಯಿರಲಿ.

ಎರಡು ವರ್ಷದ ಹಿಂದೆ ಅತ್ತೆಯ ಊರಿನ ಮೇಲುಗಡೆ, ಹೊಳೆಗೆ ಸೇರುವ ಹಳ್ಳದ ಪಕ್ಕ, ಹಳೇ ಬ್ಯಾಟರಿ ಒಡೆಯುವ ಶೆಡ್ಡೊಂದು ಎದ್ದಿತು. ಅಭಿವೃದ್ಧಿ ಅಂದರೆ ಸುಮ್ಮನೆಯೇ? ಬಡಪಾಯಿಯಂತೆ ತಿಳಿಯಾಗಿ ಹರಿಯುತ್ತಿದ್ದ ಹಳ್ಳ ದಿನಕ್ಕೊಂದು ಬಣ್ಣದಲ್ಲಿ ಹರಿಯತೊಡಗಿತು. ಕೆಳಗೆ ದಂಡೆಯಲ್ಲೇ ಅತ್ತೆಯ ಸೊಪ್ಪಿನ ಮಡಿ. ಊರಿನ ಬಾಣಂತಿಯರಿಗೆ, ಕಣ್ಣು ಮಂಜಾದವರಿಗೆ, ಅಂಗನವಾಡಿಯ ಮಕ್ಕಳ ಸಾರಿಗೆ ಅವಳದೇ ಸೊಪ್ಪು. ಒಂದು ದಿನ ನನ್ನನ್ನು ಕೂರಿಸಿಕೊಂಡು ಕೇಳಿದಳು: “ನಾನು ಮಕ್ಳಿಗೆ ಇಕ್ಕೋದು ಸೊಪ್ಪಾ, ವಿಷವಾ? ಅದೊಂದ ಹೇಳ್ಬುಡು ಮಗ.”

ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, ನೀರು ತಾ, ಪರೀಕ್ಷೆಗೆ ಕಳಿಸೋಣ ಎಂದೆ. ಯಾವುದರಲ್ಲಿ ತರಬೇಕು ಎಂದು ಹೇಳಲಿಲ್ಲ.

ಗಂಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ತರುವುದುಂಟೇ? ಗಂಗೆಪೂಜೆಯ ತಾಮ್ರದ ಚೊಂಬನ್ನು ಹುಣಸೆಹಣ್ಣಿನಲ್ಲಿ ಫಳಫಳ ಬೆಳಗಿ, ಹೊಳೆಗೆ ಕೈಮುಗಿದು ತುಂಬಿ, ಬಾಯಿಗೆ ವೀಳ್ಯದೆಲೆ ಮುಚ್ಚಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಹಳೇಬೀಡಿನಲ್ಲಿ ಹತ್ತಿದ ಹೆಂಗಸೊಬ್ಬಳು ತೀರ್ಥವೆಂದುಕೊಂಡು ಅಂಗೈ ಒಡ್ಡಿದಳಂತೆ. ಇದು ಪರೀಕ್ಷೆಗೆ ಹೊರಟಿರೋ ನೀರು, ಮುಟ್ಟಬೇಡ ಕಣವ್ವ ಎಂದು ಅತ್ತೆ ಚೊಂಬನ್ನು ಸೆರಗಿನೊಳಗೆ ಸೇರಿಸಿಕೊಂಡಳಂತೆ. ಚೊಂಬನ್ನು ನೋಡಿದ್ದೇ ನನ್ನ ರಸಾಯನಶಾಸ್ತ್ರವೆಲ್ಲ ಗಂಟಲಿನವರೆಗೆ ಬಂತು, ಅವಳ ಮುಖದ ಸಂಭ್ರಮ ನೋಡಿ ಹಾಗೇ ಕೆಳಗಿಳಿಯಿತು. ನೀರನ್ನು ತೊಳೆದ ಸೀಸೆಗೆ ಬಗ್ಗಿಸಿದೆ. ಅರ್ಜಿಯಲ್ಲಿ ಮಾದರಿ ಸಂಗ್ರಹಿಸಿದವರ ಹೆಸರು, ವಿದ್ಯಾರ್ಹತೆ ಎಂದಿದ್ದ ಕಡೆ ನನ್ನದೇ ಹೆಸರು ಬರೆದು, ಎಂ.ಎಸ್ಸಿ. ಎಂಬುದನ್ನು ದಪ್ಪಕ್ಷರದಲ್ಲಿ ತುಂಬಿದೆ.

ವರದಿಯಲ್ಲಿ ತಾಮ್ರವೂ ಇತ್ತು, ಸೀಸವೂ ಇತ್ತು. ಅತ್ತೆಯನ್ನು ಕರೆದುಕೊಂಡು ಮಾಲಿನ್ಯ ನಿಯಂತ್ರಣದ ಆಫೀಸಿಗೆ ಹೋದೆ. ನೀರು ತಂದದ್ದು ಹೇಗೆ ಎಂದು ಸಾಹೇಬರು ಕೇಳಿದರು. ಅತ್ತೆ ಹೆಮ್ಮೆಯಿಂದ ಚೀಲದೊಳಗಿನ ಚೊಂಬನ್ನು ಎತ್ತಿ ತೋರಿಸಿದಳು. ಅವರು ನಕ್ಕ ನಗುವಿಗೆ ಟೀ ಫೈಲಿನ ಮೇಲೆ ಚೆಲ್ಲಿತು. ತಾಮ್ರ ಚೊಂಬಿನದು ಎಂದರು. ಸೀಸ? ಅದೂ ಚೊಂಬಿನದೇ. ಹಾಗಾಗಿ ಹೊಳೆ ಶುದ್ಧ, ಶೆಡ್ಡು ಶುದ್ಧ, ತಪ್ಪೆಲ್ಲ ಅತ್ತೆಯ ಚೊಂಬಿನದು ಎಂದು ತೀರ್ಮಾನವಾಯಿತು. ಒಂದು ಚೊಂಬು ಹಿಡಿದು ಇಡೀ ಹೊಳೆಯನ್ನೇ ತೊಳೆದ ಕೀರ್ತಿ ಆ ಆಫೀಸಿಗೆ ಸಲ್ಲಬೇಕು.

ಆಮೇಲೆ ಅವರ ಕಣ್ಣು ದಪ್ಪಕ್ಷರದ ಮೇಲೆ ಬಿತ್ತು. ಎಂ.ಎಸ್ಸಿ. ಓದಿದವರು ಹೀಗೇನ್ರೀ ಸ್ಯಾಂಪಲ್ ಹಿಡಿಯೋದು ಎಂದರು.

“ನಾನಲ್ಲ ಸಾರ್,” ಎಂದೆ, ಅತ್ತೆಯ ಕಡೆ ಬೆರಳು ಮಾಡಿ. “ಇವ್ರು ತಂದಿದ್ದು. ಇವ್ರಿಗೆ ಇದೆಲ್ಲ ಗೊತ್ತಾಗಲ್ಲ.”

ಬಸ್‌ಸ್ಟ್ಯಾಂಡಿನವರೆಗೂ ಅತ್ತೆ ಚೊಂಬನ್ನು ತಿರುಗಿಸಿ ನೋಡುತ್ತಲೇ ಬಂದಳು. ಬಸ್ಸು ಹತ್ತುವಾಗ ಒಂದೇ ಮಾತು ಕೇಳಿದಳು: “ಚೆನ್ನಾಗೇ ತೊಳ್ದಿದ್ನಲ್ಲ ಮಗ?” ನಾನು ಬಸ್ಸಿನ ಬೋರ್ಡು ಓದುವವನಂತೆ ಮುಖ ತಿರುಗಿಸಿದೆ. ಇವತ್ತು ನೆನೆದರೂ ನಾಚಿಕೆಯಾಗುತ್ತದೆ.

ನಾಚಿಕೆಪಟ್ಟವನು ಇನ್ನೊಮ್ಮೆ ಸರಿಯಾಗಿ ನೀರು ಹಿಡಿಸಿದೆನೇ? ಇಲ್ಲ, ಪಾಪ, ನನಗೆ ಮೌಲ್ಯಮಾಪನದ ಕೆಲಸವಿತ್ತು. ಸೊಪ್ಪು ಮಾತ್ರ ತಪ್ಪದೆ ಬರುತ್ತಿತ್ತು. ವರದಿ ಓದಿದವನಿಗೆ ತಿನ್ನಲು ಭಯ, ಬಿಸಾಡಲು ಮನಸ್ಸಿಲ್ಲ. ಪಕ್ಕದ ಮನೆಯ ಹಸುವಿಗೆ ಹಾಕಿ, ಮಸೊಪ್ಪು ಬಹಳ ಚೆನ್ನಾಗಿತ್ತು ಎಂದು ಅತ್ತೆಗೆ ಫೋನು ಮಾಡುತ್ತಿದ್ದೆ. ಅಂಗನವಾಡಿಯ ಮಕ್ಕಳಿಗೆ ಅದೇ ಸೊಪ್ಪಿನ ಸಾರು ಹೋಗುತ್ತಿದೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಇವತ್ತು ಬಂದ ಬಾಟಲಿಯನ್ನು ಮೇಜಿನ ಮೇಲಿಟ್ಟು ಅತ್ತೆಗೆ ಫೋನು ಮಾಡಿದೆ. ಸೊಪ್ಪೆಲ್ಲಿ ಎಂದು ಕೇಳಿದೆ.

“ಎಲ್ಲಾನೂ ಕಿತ್ತು ಗುಂಡಿಗಾಕ್ದೆ ಕಣಪ್ಪ. ನಿಮ್ಮ ಕಾಗ್ದ ಬರೋಗಂಟ ಮಕ್ಳು ಉಣ್ಣೋದ ಬುಟ್ಟಾರಾ?”

ನೀರಿನ ಬದಲು ಕೆಸರು ಯಾಕೆ ಎಂದೆ.

“ನೀರು ಹರ್ಕಂಡೋಯ್ತದೆ. ಅಕ್ಕಿ ಗಾಳಿಸ್ವಾಗ ಕಲ್ಲು ತಳ್ದಾಗೆ ತಾನೆ ನಿಲ್ಲೋದು?” ಎಂದಳು. ಆಮೇಲೆ, “ಈ ಸಲ ಚೊಂಬಲ್ಲಿ ಆಕ್ಲಿಲ್ಲ. ಅವ್ರ ಮುಂದೆ ನಿಂಗೆ ಅವಮಾನ ಆಗದು ಬ್ಯಾಡ.”

ಸೀಸದಂಥ ಲೋಹ ನೀರಿಗಿಂತ ಹೆಚ್ಚಾಗಿ ತಳದ ಹೂಳಿನಲ್ಲಿ ಸೇರಿಕೊಳ್ಳುತ್ತದೆ ಎಂಬುದನ್ನು ನಾನು ಒಂದಿಡೀ ಪೀರಿಯಡ್ಡು ಪಾಠ ಮಾಡುತ್ತೇನೆ, ಚಿತ್ರ ಸಮೇತ. ಹೊಳೆಯ ಕೆಸರನ್ನು ಪರೀಕ್ಷೆಗೆ ಕಳಿಸಬೇಕು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಹೊಸ ಅರ್ಜಿ ತೆಗೆದೆ. ಹೆಸರಿನ ಜಾಗದಲ್ಲಿ ತಾಯಮ್ಮ ಎಂದು ಬರೆದೆ. ವಿದ್ಯಾರ್ಹತೆಯ ಎದುರು ಕೊಂಚ ಯೋಚಿಸಿ, ಅಕ್ಕಿ ಗಾಳಿಸಿ ಗೊತ್ತು ಎಂದು ಬರೆದೆ. ಸಾಹೇಬರು ನಗುವುದಾದರೆ ನಗಲಿ, ಈ ಸಲ ನನ್ನ ಬೆರಳು ನನ್ನ ಕಡೆಗೇ ತಿರುಗಿರುತ್ತದೆ.

ಫೋನು ಇನ್ನೂ ಕಿವಿಯಲ್ಲೇ ಇತ್ತು. ತಡೆಯಲಾಗಲಿಲ್ಲ. ವರದಿ ಬಂದಮೇಲಿನ ಸೊಪ್ಪನ್ನು ನಾನು ತಿನ್ನಲೇ ಇಲ್ಲ, ಪಕ್ಕದ ಮನೆಯ ಹಸುವಿಗೆ ಹಾಕಿದೆ ಎಂದು ಹೇಳಿಬಿಟ್ಟೆ. ಬೈಗುಳ ಬರಲಿ ಎಂದು ಕಾದೆ.

“ಆ ಹಸ ಹೆಂಗೈತಪ್ಪ?” ಎಂದಳು ಅತ್ತೆ. “ಎದ್ದೋಗಿ ನೋಡ್ಕಂಡು ಬಾ.”