ಗೌಸಬಿಗೆ ಒಣ ಜಾಗ

ನಮ್ಮೂರಿನ ಖಬರಸ್ತಾನದಲ್ಲಿ ಮೂವತ್ತು ವರ್ಷಗಳಿಂದ ಕುಣಿ ತೋಡುವವನು ಜೈನುದ್ದೀನ. ಯಾರು ಸತ್ತರೂ ಮೊದಲ ಸುದ್ದಿ ಅವನಿಗೇ. ಆದರೂ ಊರಲ್ಲಿ ಅವನಷ್ಟು ನಗಿಸುವವನು ಇನ್ನೊಬ್ಬನಿಲ್ಲ. ಅಂಥವನು ಹೋದ ವರ್ಷ ದೀಪಾವಳಿಯ ಹೊತ್ತಿಗೆ ಎರಡು ದಿನ ಊಟ ಬಿಟ್ಟ. ಒಬ್ಬ ಮುದುಕನಿಗೆ ತೋಡಿದ ಕುಣಿಯಲ್ಲಿ ಸೊಂಟದಾಳಕ್ಕೇ ನೀರು ಜಿನುಗಿತ್ತು. ಬಕೆಟ್ಟಿನಿಂದ ಎತ್ತಿ ಹಾಕಿದಷ್ಟೂ ಬಂತು. ಕಡೆಗೆ ಉಸುಕು ಸುರಿದು ಅದರ ಮೇಲೆಯೇ ಮಲಗಿಸಿ ಬರಬೇಕಾಯಿತು.

ನೀರು ಎಲ್ಲಿಯದೆಂದು ಯಾರನ್ನೂ ಕೇಳಬೇಕಿರಲಿಲ್ಲ. ಖಬರಸ್ತಾನದ ಮೇಲ್ಗಡೆ ಶ್ರೀಶೈಲಪ್ಪನ ನಾಲ್ಕು ಎಕರೆ ಹೊಲ. ಕಾಲುವೆ ಬಂದದ್ದೇ ತಡ, ಜೋಳ ಬಿತ್ತುತ್ತಿದ್ದ ಎರೆಭೂಮಿಗೆ ಒಡ್ಡು ಕಟ್ಟಿ ಭತ್ತ ನಾಟಿ ಮಾಡಿಸಿದ್ದ. ಭತ್ತಕ್ಕೆ ತಿಂಗಳುಗಟ್ಟಲೆ ನೀರು ನಿಲ್ಲಿಸಬೇಕು. ನಿಂತ ನೀರು ಇಳಿಜಾರು ಬಿಟ್ಟು ಮತ್ತೆಲ್ಲಿಗೆ ಹೋದೀತು? ಅಕ್ಕಿ ಅವನ ಮನೆ ಸೇರಿತು, ಬಸಿನೀರು ನಮ್ಮ ಸತ್ತವರ ಪಾಲಿಗೆ ಬಂತು. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಜೈನುದ್ದೀನನಿಗೆ ಗೌಸಬಿಯದೇ ಚಿಂತೆ. ಅವನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಎಂಬತ್ತು ದಾಟಿದ ಈ ಮುದುಕಿ, ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಬೇವಿನ ಗಿಡದ ಬುಡದಲ್ಲಿ ಆಕೆಯ ಗಂಡನ ಗೋರಿ. ಪಕ್ಕದ ಜಾಗ ತನಗೇ ಎಂದು ಎಂದೋ ಅವನಿಂದ ಮಾತು ತೆಗೆದುಕೊಂಡಿದ್ದಳು. ನೀರಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಪ್ರತಿ ಶುಕ್ರವಾರ ಕೋಲೂರಿಕೊಂಡು ಬಂದು ತನ್ನ ಜಾಗ ಹೇಗಿದೆ ಎಂದು ವಿಚಾರಿಸುವಳು. ಒಣಗಿದೆ ಎಂದು ಅವನು ಹೇಳುವನು. ಅಲ್ಲಿ ಹಾರೆ ಊರಿದರೆ ತೂತಿನ ತುಂಬ ನೀರು. ಆ ಚಳಿಗಾಲ ಆಕೆಗೆ ಕೆಮ್ಮು ಹತ್ತಿದಾಗ ಇನ್ನು ಸುಮ್ಮನಿದ್ದರಾಗದು ಎಂದುಕೊಂಡ.

ಊರ ಹಿರಿಯರು ಶ್ರೀಶೈಲಪ್ಪನ ಬಳಿ ಎರಡು ಸಲ ಹೋಗಿ ಬಂದಿದ್ದರು. ಹೊಲ ನನ್ನದು, ನೀರು ಸರಕಾರದ್ದು, ಅದು ಕೆಳಗೆ ಹರಿದರೆ ನಾನೇನು ಮಾಡಲಿ ಎಂದು ಅವನು ಕೈ ಝಾಡಿಸಿದ್ದ. ಈ ಸಲ ಜೈನುದ್ದೀನ ಒಬ್ಬನೇ ಹೋದ. ಶ್ರೀಶೈಲಪ್ಪ ಲಿಂಗಾಯತ, ಅವರಲ್ಲೂ ಸತ್ತವರನ್ನು ಮಣ್ಣು ಮಾಡುವುದೇ ಪದ್ಧತಿ. ಜೈನುದ್ದೀನ ದನಿ ಏರಿಸದೆ ಹೇಳಿದ:

“ನಿಮ್ಮ ಅಪ್ಪಾರು ಇದ ಹೊಲದ ಕೆಳಗಿನ ಮೂಲ್ಯಾಗ ಅದಾರ್ರಿ. ಆ ಕುಣಿ ತೋಡಿದಾಂವ ನಾನ. ಭತ್ತ ಹಚ್ಚಿದ ಮ್ಯಾಲ ಒಮ್ಮೆರ ಅಲ್ಲಿ ಹೋಗಿ ನೋಡೀರೇನು?”

ಇಬ್ಬರೂ ಹೋದರು. ಅಪ್ಪನ ಗದ್ದುಗೆಯ ಕಲ್ಲು ಒಂದು ಮಗ್ಗುಲಿಗೆ ಕುಸಿದಿತ್ತು. ಜೈನುದ್ದೀನ ಎರಡು ಮಾರು ದೂರದಲ್ಲಿ ಹಾರೆ ಹಾಕಿದ. ಮೊಣಕಾಲಿನಷ್ಟು ಇಳಿಯುವುದರೊಳಗೆ ನೀರು. ಶ್ರೀಶೈಲಪ್ಪ ಬದುವಿನ ಮೇಲೆ ಕುಳಿತುಬಿಟ್ಟ. ಇದೇ ಕಡೆಯ ಭತ್ತ ಎಂದ. ಮನುಷ್ಯ ಹಟಮಾರಿ, ಆದರೆ ಮಾತಿಗೆ ತಪ್ಪಲಿಲ್ಲ. ಬೇಸಿಗೆಯಲ್ಲಿ ಒಡ್ಡು ಒಡೆಸಿ, ಖಬರಸ್ತಾನದ ಅಂಚಿಗೆ ಆಳವಾದ ಬಸಿಗಾಲುವೆ ತೋಡಿಸಿದ. ಈ ವರ್ಷ ಅಲ್ಲಿ ತೊಗರಿ ನಿಂತಿದೆ.

ಮೊನ್ನೆ ಜೈನುದ್ದೀನ ಬೇವಿನ ಬುಡದಲ್ಲಿ ಎದೆಮಟ್ಟ ತೋಡಿ ನೋಡಿದ. ತಳದ ಮಣ್ಣು ಮುಷ್ಟಿಯಲ್ಲಿ ಪುಡಿಯಾಯಿತು. ಕುಣಿಯೊಳಗೇ ಕುಳಿತು ಅತ್ತ. ಅಷ್ಟು ಹಗುರಾಗಿತ್ತು ಅವನ ಜೀವ. ಆಮೇಲೆ ಗೌಸಬಿಯ ಕೈಹಿಡಿದು ಕರೆತಂದ. ಆಕೆ ಒಂದು ಹಿಡಿ ಮಣ್ಣು ತೆಗೆದುಕೊಂಡು ಮೂಸಿದಳು.

“ಹ್ವಾದ ವರ್ಷ ಪೂರಾ ನನಗ ಸುಳ್ಳ ಹೇಳಿದಿ, ಜೈನ್ಯಾ. ನಿನ್ನ ಮಾರಿ ನೋಡಿದ್ರ ತಿಳೀತಿತ್ತು. ಅದಕ್ಕ ಸಾಯಲಾರದ ಕುಂತಿದ್ದೆ.”

ಈಗ ಜಾಗ ಒಣಗಿತಲ್ಲ ಎಂದು ಜೈನುದ್ದೀನ ಹೆದರಿದ. ಈಗೇನು ಮಾಡುತ್ತೀ ಖಾಲಾ ಎಂದು ಕೇಳಿದ.

“ಈಗ ಕುಣಿ ಮುಚ್ಚು. ಒಣಾ ಜಾಗ ಎಲ್ಲಿ ಓಡಿ ಹೋಗ್ತೈತಿ? ನನಗೇನ್ ಗಡಿಬಿಡಿ ಇಲ್ಲ.”