ಕೂಗಿನ ದಿನ, ಚೀಟಿಯ ದಿನ

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಪಣ ಕಟ್ಟುತ್ತೇನೆ. ಬೊಂಬಾಯಿಯ ಬೈಕುಲ್ಲಾದ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಆರು ದಿನ ನಿಂತು ನಾನು ವಿಜ್ಞಾನಕ್ಕಾಗಿ ಅರ್ಧ ದೇಹವನ್ನು ಬೆವರಾಗಿ ಹರಿಸಿದ್ದೇನೆ. ಉಳಿದರ್ಧ ಇದನ್ನು ಬರೆಯುತ್ತಿದೆ.

ತಪ್ಪು ಅಕ್ಕನದು. ಅವಳು ಓದುತ್ತಿದ್ದ ಸಂಸ್ಥೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ನಮ್ಮ ಚಾಳಿನ ಮೂರು ಖೋಲಿಗಳಷ್ಟು ದೊಡ್ಡದು, ಅದಕ್ಕೆ ಏಸಿ ಬೇರೆ. ನಮಗೆ ಫ್ಯಾನೂ ಇರಲಿಲ್ಲ. ಮಾಹಿತಿ ಯಾವ ದಾರಿಯಲ್ಲಿ ಹೋದರೆ ಕೆಲಸ ಸರಿಯಾಗುತ್ತದೆ ಎಂಬುದು ಅವಳ ಪ್ರಬಂಧದ ಪ್ರಶ್ನೆ. ನಮ್ಮ ಮಾಣಿಗಳು ಆರ್ಡರನ್ನು ಒಳಗೆ ಕೂಗುತ್ತಿದ್ದರು. ಬದಲಿಗೆ ಚೀಟಿ ಬರೆದು ಕೊಟ್ಟರೆ? ದಿನಾ ಬೆಳಿಗ್ಗೆ ಅವಳು ನಾಣ್ಯ ಚಿಮ್ಮಿ ಕೂಗಿನ ದಿನವೋ ಚೀಟಿಯ ದಿನವೋ ತೀರ್ಮಾನಿಸುತ್ತಿದ್ದಳು. ನಾನು ಗಡಿಯಾರ ಹಿಡಿದು ಒಲೆಯ ಪಕ್ಕ ನಿಂತು, ತಟ್ಟೆ ಹೋಗಲು ಎಷ್ಟು ಹೊತ್ತಾಯಿತು, ಎಷ್ಟು ತಪ್ಪಾಯಿತು ಎಂದು ಅವಳು ಕೊಟ್ಟ ಪುಸ್ತಕದಲ್ಲಿ ಬರೆಯಬೇಕು.

"ಚೀಟಿ ಗೆದ್ರೆ ಮುಂದಿನ ತಿಂಗಳಿಂದ ಚೀಟಿಯೇ," ಎಂದರು ಅಪ್ಪ. "ಆಗದವ್ರು ಊರಿಗೆ ಹೋಗ್ಲಿ."

ಮೊದಲ ಚೀಟಿ ಬಂದಾಗ ನಮ್ಮ ಅಡುಗೆಯ ಭಟ್ಟರು ಅದನ್ನು ದೋಸೆಯಂತೆ ಎರಡೂ ಬದಿ ತಿರುವಿ ನೋಡಿದರು.

"ಕನ್ನಡಕ ಮೇಲೆ ಉಳೀತು ಮಾರಾಯ. ಎಂತ ಬರ್ದಿದ್ದಾನೆ ನೋಡು."

"ಇಡ್ಲಿ ಮೂರು, ವಡೆ ಒಂದು."

ಮರುದಿನವೂ ಕನ್ನಡಕ ಮೇಲೆಯೇ. ಮೇಲೆ ಎಂದರೆ ಅವರು ಮಲಗುವ ಅಟ್ಟ, ಹತ್ತು ಮೆಟ್ಟಿಲು.

"ತರ್ಲಾ ಭಟ್ರೇ?"

ಅವರು ಒಲೆಯತ್ತ ತಿರುಗಿದರು. "ಬೇಡ. ನೀನೇ ಓದು. ಅಕ್ಕನಿಗೆ ಹೇಳ್ಬೇಡ, ಆಯ್ತಾ?"

ಆಗ ಗೊತ್ತಾಯಿತು. ನಾನು ಹುಟ್ಟುವ ಮೊದಲಿನಿಂದ ಆ ಒಲೆ ಬರೀ ಕಿವಿಯಿಂದ ನಡೆದಿತ್ತು.

ಓದಿದೆ. ಗಂಟಲು ಒಣಗಿತು, ಕಾಲು ನನ್ನದೆಂಬುದೇ ಮರೆತುಹೋಯಿತು. ಆದರೆ ನನ್ನ ಓದು ಎಷ್ಟು ಸೊಗಸಾಗಿತ್ತೆಂದರೆ ಚೀಟಿ ಗೆಲ್ಲತೊಡಗಿತು! ಅಕ್ಕ ಪುಸ್ತಕ ನೋಡಿ ಕುಣಿದಳು. ಆದರೆ ಚೀಟಿ ಗೆದ್ದರೆ ಭಟ್ಟರಿಗೆ ಊರಿನ ಬಸ್ಸು. ಇಲ್ಲವೇ ನಾನು ಮದುವೆಯಾಗಿ ಮೊಮ್ಮಕ್ಕಳು ಬರುವವರೆಗೂ ಅಲ್ಲೇ ನಿಂತು ಓದಬೇಕು.

ಹಾಗಾಗಿ ಆರನೆಯ ದಿನ ಬೇಕೆಂದೇ ತಪ್ಪು ಓದಿದೆ. ಇಡ್ಲಿ ಕೇಳಿದವನಿಗೆ ಶಿರಾ, ಪೂರಿ ಕೇಳಿದವನಿಗೆ ಮೊಸರನ್ನ. ತಟ್ಟೆಗಳು ಮೆರವಣಿಗೆಯಲ್ಲಿ ವಾಪಸು ಬಂದವು.

"ಉಪ್ಪಿಟ್ಟು ಎರಡು," ಎಂದು ಓದುತ್ತಿದ್ದಾಗ ಹಿಂದಿನಿಂದ ಒಂದು ಕೈ ಚೀಟಿ ಕಿತ್ತುಕೊಂಡಿತು. ಅಪ್ಪ.

"ಇದ್ರಲ್ಲಿ ಉಪ್ಪಿಟ್ಟು ಎಲ್ಲುಂಟು?" ಎಂದು ಚೀಟಿಯನ್ನು ಭಟ್ಟರಿಗೆ ಚಾಚಿದರು. "ನೀವೇ ನೋಡಿ ಭಟ್ರೇ."

ಭಟ್ಟರು ಚೀಟಿ ಹಿಡಿದು ನಿಂತರು. ಕಾವಲಿಯ ಎಣ್ಣೆ ಹೊಗೆಯಾಡುತ್ತಿತ್ತು. ಅಪ್ಪ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಚೀಟಿಯನ್ನು ಮೆಲ್ಲಗೆ ವಾಪಸು ತೆಗೆದುಕೊಂಡು, ನನ್ನ ಕೈಯ ಪುಸ್ತಕವನ್ನೂ ಸೇರಿಸಿ ಒಲೆಗೆ ಹಾಕಿದರು.

"ಅಪ್ಪಾ, ಅಕ್ಕನ ಪ್ರಬಂಧ..."

"ಅವಳಿಗೆ ನಾನು ಹೇಳ್ತೇನೆ."

ಬಾಗಿಲಲ್ಲಿ ನಿಂತು, ಮಾಣಿಯಂತೆ ಅವರೇ ಒಳಗೆ ಕೂಗಿದರು, "ಮಸಾಲೆ ಎರಡೂ!"

ಭಟ್ಟರು ಹಿಟ್ಟಿನ ಸೌಟು ಎತ್ತಿದರು.