ಎಂಗ್ರಾಸಿಯಾ ಅಜ್ಜಿಯ ಲಂಗರು ಸರಪಳಿ

ನಾನು ಓದಿದ್ದು ಕಡಲಜೀವಶಾಸ್ತ್ರ, ಅದೂ ಅರ್ಧ. ಸಂಬಳ ಬರುತ್ತಿದ್ದದ್ದು ಉಗಿಯುವುದಕ್ಕೆ. ನೀರೊಳಗೆ ನೋಡುವ ಮುಖವಾಡದ ಗಾಜಿಗೆ ಒಳಗಿನಿಂದ ಉಗಿದು, ತಿಕ್ಕಿ, ತೊಳೆದರೆ ಮಬ್ಬು ಕಟ್ಟುವುದಿಲ್ಲ. ಗಿರಾಕಿಗಳಿಗೆ ತಮ್ಮ ಉಗುಳು ಕಂಡರೆ ಹೇಸಿಗೆ, ನನ್ನದಾದರೆ ಟಿಕೆಟ್ಟಿನೊಳಗೇ ಸೇರಿದ ಸೇವೆ. ಹೀಗೆ ಬೆರ್ನತ್ ಎಂಬ ಪದವಿಯಿಲ್ಲದ ಈ ವಿದ್ವಾಂಸ, ಎಲೋಯಿ ಎಂಬ ಧಣಿಯ ಬೋಟಿನಲ್ಲಿ, ‘ಯಾರೂ ಕಾಣದ ಕೊಲ್ಲಿ’ಗೆ ಬೇಸಿಗೆಯುದ್ದಕ್ಕೂ ಜನರನ್ನು ತುಂಬಿಕೊಂಡು ಹೋಗುತ್ತಿದ್ದ.

ಆ ಯಾರೂ ಕಾಣದ ಫೊನೊಲ್ ಕೊಲ್ಲಿಯನ್ನು ಎಂಗ್ರಾಸಿಯಾ ಅಜ್ಜಿ ಹುಟ್ಟಿದಾಗಿನಿಂದ ಕಾಣುತ್ತಿದ್ದಾಳೆ. ಬಂಡೆಗೆ ಬೆನ್ನು ಕೊಟ್ಟು ನಿಂತ ಒಂಟಿ ಕೋಣೆಯ ಮೀನುಗಾರರ ಗೂಡು, ಎದುರಿಗೆ ನೀರಿನಲ್ಲಿ ಅವಳ ಹಳೇ ದೋಣಿ. ಎರಡೂ ಅಪ್ಪನ ಕಾಲದವು. ಹುಡುಗಿಯಾಗಿದ್ದಾಗ ಊರಿನ ಕಾರ್ಖಾನೆಯಲ್ಲಿ ಉಪ್ಪುಮೀನಿನ ತಲೆ ಕಿತ್ತಳು. ಮೇಸ್ತ್ರಿಯ ತಲೆಯಲ್ಲಿ ಮೀನಿನಷ್ಟೂ ಮಿದುಳಿಲ್ಲವೆಂದು ಅದನ್ನು ಬಿಟ್ಟಳು. ಒಳನಾಡಿನ ಪೇಟೆ ಜಿರೋನಾದ ಕ್ಷೌರಿಕನೊಬ್ಬನನ್ನು ಮದುವೆಯಾದಳು. ಅವನು ಮೊದಲ ಸಲ ಈ ಕೊಲ್ಲಿಗೆ ಬಂದಾಗ ಸೊಂಟದ ಮೇಲೆ ಕೈಯಿಟ್ಟು “ಎಷ್ಟು ಚೆಂದ” ಎಂದನಂತೆ. ತಾನು ಮೋಸಹೋದೆನೆಂದು ಆವತ್ತೇ ಗೊತ್ತಾಯಿತು ಎನ್ನುತ್ತಾಳೆ. ನಮ್ಮ ಕಡೆ ಹೊರಗಿನಿಂದ ಬಂದವರಿಗೆ ‘ಎಷ್ಟುಚೆಂದ’ಗಳು ಎಂದೇ ಹೆಸರು. ಬಾರ್ಸಲೋನಾದವರಾದರೆ ಇನ್ನೂ ಒಂದು ಮೆಟ್ಟಿಲು ಕೆಳಗೆ, ‘ಪೈನ್ ಮರಕ್ಕೆ ಉಚ್ಚೆ ಹೊಯ್ಯುವವರು’. ಕ್ಷೌರಿಕ ಬಹಳ ವರ್ಷ ಬಾಳಿ, ಬೈಸಿಕೊಂಡು, ಸತ್ತ. ಅವಳು ಗೂಡಿಗೆ ವಾಪಸು ಬಂದಳು. ಬೆಳಗ್ಗೆ ಬಲೆ ಬಿಟ್ಟು ಒಂದಿಷ್ಟು ಮೀನು ತರುವುದು, ಉಳಿದ ಹೊತ್ತು ಜಗತ್ತನ್ನು ಬೈಯುವುದು.

ಅವಳಿಗೆ ಈಜು ಬರುವುದಿಲ್ಲ. ಹಳೇ ಮೀನುಗಾರರ ಮನೆಗಳಲ್ಲಿ ಕಲಿಸುತ್ತಿರಲಿಲ್ಲ. ದೋಣಿ ಮುಳುಗಿದರೆ ಸಾಯುವ ಕೆಲಸ ಬೇಗ ಮುಗಿಯಲಿ ಎಂದು. ನನ್ನ ಗಿರಾಕಿಗಳು ಬಾಯಿಗೆ ಕೊಳವೆ ಕಚ್ಚಿಕೊಂಡು ಬೋರಲಾಗಿ ತೇಲುವಾಗ ಅವಳು ಬಲೆ ಹೊಲಿಯುತ್ತಾ ನೋಡುತ್ತಿದ್ದಳು.

“ಸತ್ತ ನಾಯಿಗಳ ಥರ ತೇಲ್ತಾವಲ್ಲೋ, ಇದಕ್ಕೆ ದುಡ್ಡು ಬೇರೆ ಕೊಡ್ತಾವಾ?”

“ಮೀನು ನೋಡ್ತಾರೆ, ಅಜ್ಜಿ.”

“ಮೀನು ಇರೋದು ನೋಡಕ್ಕಲ್ಲ ಕಣೋ.”

ಗಿರಾಕಿಗಳು ನಗುತ್ತಾ ಅವಳ ಫೋಟೋ ತೆಗೆಯುತ್ತಿದ್ದರು. ಅವಳು ಏನೆಂದಳೆಂದು ಕೇಳಿದರೆ, ಸ್ವಾಗತ ಕೋರುತ್ತಿದ್ದಾಳೆ ಎನ್ನುತ್ತಿದ್ದೆ. ಅದೂ ಸೇವೆಯೇ.

ಈ ವರ್ಷ ಕರಾವಳಿ ಅಧಿಕಾರಿ ಪರಿಶೀಲನೆಗೆ ಬರುವುದಾಗಿ ಸುದ್ದಿ ಬಂತು. ಕಡಲಹುಲ್ಲಿಗೆ ಈಗ ಕಾನೂನಿನ ಕಾವಲಿದೆ; ದೋಣಿ ಕಟ್ಟುವ ಸರಪಳಿ ಅದರ ಮೇಲೆ ಉಜ್ಜಾಡುತ್ತಿದ್ದರೆ ತೆಗೆಸುತ್ತಾರೆ. ಸರಪಳಿ ಹೋದರೆ ದೋಣಿಗೆ ಜಾಗವಿಲ್ಲ. ದೋಣಿಯಿಲ್ಲದ್ದು ಮೀನುಗಾರರ ಗೂಡಲ್ಲ, ಕೆಡವಬಹುದು. ಎಲೋಯಿಗೆ ಇದು ಹಬ್ಬ. ಮುದುಕಿ ತೊಲಗಿದರೆ ಗಿರಾಕಿಗಳಿಗೆ ‘ಅಪ್ಪಟ ಮೌನ’ ಮಾರಬಹುದು. ಕೆಳಗೆ ಹೇಗಿದೆ ನೋಡಿ ಬಾ ಎಂದು ನನ್ನನ್ನು ಅಟ್ಟಿದ.

ಮುಳುಗಿ ನೋಡಿದೆ. ಸೊಂಪಾದ ಹಸಿರು ಹುಲ್ಲುಗಾವಲಿನ ನಡುವೆ ಕ್ಷೌರ ಮಾಡಿದಂಥ ಬೋಳು ವೃತ್ತ, ಮಧ್ಯೆ ದೋಣಿಯ ಸರಪಳಿ ಬಿಗಿದ ಸಿಮೆಂಟು ಗುಂಡು. ಸದಾ ತಳದಲ್ಲೇ ಬಿದ್ದಿರುವ ಇಂಥ ಲಂಗರಿಗೆ ನಮ್ಮವರು ‘ಹೆಣ’ ಎನ್ನುತ್ತಾರೆ. ಗಾಳಿ ತಿರುಗಿದಂತೆಲ್ಲ ಸರಪಳಿ ಸುತ್ತಿ ಸುತ್ತಿ ಅಷ್ಟು ವರ್ಷ ಹುಲ್ಲು ಕೆರೆದಿತ್ತು. ನನ್ನ ಎಷ್ಟುಚೆಂದಗಳೆಲ್ಲ ಸೇರಿ ಕಾಲು ಬಡಿದರೂ ಅಷ್ಟು ಹಾಳಾಗುತ್ತಿರಲಿಲ್ಲ.

ಮೊದಲು ಹೇಳಬೇಕಾದ್ದು ಎಲೋಯಿಗೆ. ಹೇಳಿದ್ದು ಅಜ್ಜಿಗೆ. ದೊಡ್ಡತನವೇನಲ್ಲ, ಜೀವಮಾನದಲ್ಲಿ ಒಂದು ಸಲವಾದರೂ ಅವಳ ತಪ್ಪನ್ನು ಅವಳಿಗೆ ತೋರಿಸುವ ಚಪಲ.

ಅವಳು ನಂಬಲಿಲ್ಲ. ಮುಖವಾಡಕ್ಕೆ ಉಗಿದು ಕೊಡಹೋದೆ.

“ನಿನ್ನ ಎಂಜಲು ನನ್ನ ಕಣ್ಣಿಗಾ? ಆಚೆ ಇಡು.”

ಮುಳ್ಳುಚೆಂಡೆಂಬ ತಿನ್ನುವ ಕಡಲಜೀವಿಯನ್ನು ಹುಡುಕಲು ಅಪ್ಪ ಇಟ್ಟುಕೊಂಡಿದ್ದ ಗಾಜಿನ ತಳದ ಬಕೆಟ್ಟನ್ನು ಗೂಡಿನಿಂದ ತಂದಳು. ದಡದ ಬಂಡೆಗಳ ಸಂದಿಯಲ್ಲಿ ಅದನ್ನಿಟ್ಟು ನೋಡಿದ್ದಳೇ ಹೊರತು ತನ್ನ ಲಂಗರಿನ ಮೇಲೆ ಎಂದೂ ಇಟ್ಟಿರಲಿಲ್ಲ. ದೋಣಿಯ ಅಂಚಿಗೆ ಬಾಗಿ, ಬಕೆಟ್ಟಿನೊಳಗೆ ಮುಖ ಹುದುಗಿಸಿ ಬಹಳ ಹೊತ್ತು ನೋಡಿದಳು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

“ನಮ್ಮಪ್ಪ ಕತ್ತೆ,” ಎಂದಳು ತಲೆಯೆತ್ತಿ. “ಆ ಕಡೆ ಬರೀ ಮರಳು, ಅಲ್ಲಿ ಹಾಕಕ್ಕೇನಾಗಿತ್ತು? ಏನ್ ನಗ್ತೀಯಾ, ಇಳಿ ನೀರಿಗೆ.”

ಆ ಮರಳಿನ ಪಟ್ಟಿ ನಾವು ಗಿರಾಕಿಗಳನ್ನು ಇಳಿಸುವ ಜಾಗ. ದೋಣಿ ಕಟ್ಟುವ ಕಡೆ ಈಜುವವರನ್ನು ಇಳಿಸುವಂತಿಲ್ಲ. ಹಾಗೆಂದೆ.

“ನಿನ್ ನಾಯಿಗಳು ಬೇರೆ ಕಡೆ ತೇಲ್ಲಿ. ನನಗೆ ಬೇರೆ ಮನೆ ಇಲ್ಲ.”

ಅವಳ ದನಿಯಲ್ಲಿ ಬೈಗುಳವಿಲ್ಲದ ಮಾತು ಆ ಕೊನೆಯದೊಂದೇ ನಾನು ಕೇಳಿದ್ದು. ಇಳಿದೆ. ನೀರು ತುಂಬಿ ಮುಳುಗಿಸಿದ ಎರಡು ಪ್ಲಾಸ್ಟಿಕ್ ಡ್ರಮ್ಮುಗಳನ್ನು ಹೆಣದ ಕಬ್ಬಿಣದ ಬಳೆಗೆ ಬಾಯಿ ಕೆಳಗಾಗಿ ಕಟ್ಟಿ, ಒಳಗೆ ನಳಿಕೆ ತೂರಿಸಿದೆ. ಅಜ್ಜಿ ದೋಣಿಯಲ್ಲಿ ನಿಂತು, ಎಲೋಯಿಯದೇ ಪಂಪಿನಿಂದ ಗಾಳಿ ಒತ್ತುತ್ತಾ, ನನ್ನನ್ನೂ ಎಲೋಯಿಯನ್ನೂ ಸತ್ತ ಕ್ಷೌರಿಕನನ್ನೂ ಸರದಿಯಂತೆ ಬೈದಳು. ಹೆಣ ಅಲುಗಿತು, ಎದ್ದಿತು, ಡ್ರಮ್ಮುಗಳ ಕೆಳಗೆ ನೇತಾಡುತ್ತಾ ಅಜ್ಜಿ ಹುಟ್ಟು ಹಾಕಿದತ್ತ ಸರಪಳಿಸಮೇತ ಬಂತು. ಮರಳಿನ ಮೇಲೆ ಇಳಿಸಿದೆವು.

ಅಧಿಕಾರಿ ಬಂದ ದಿನ ಎಲೋಯಿಯೂ ಒಗೆದ ಅಂಗಿ ತೊಟ್ಟು ಹಾಜರಿದ್ದ. ಅಧಿಕಾರಿ ಮುಳುಗಿ ನೋಡಿ ಬಂದು, ಸರಪಳಿ ಮರಳಿನ ಮೇಲಿದೆ, ತಕರಾರಿಲ್ಲ ಎಂದ. ಅವಳ ಪರವಾನಗಿಯಲ್ಲಿ ಕೊಲ್ಲಿ ಎಂದಿತ್ತೇ ವಿನಾ ಯಾವ ಮೂಲೆ ಎಂದಿರಲಿಲ್ಲ. ಆದರೂ ಅಲ್ಲಿ ಬೋಳು ವೃತ್ತವೊಂದಿದೆಯಲ್ಲ, ಗುಂಡನ್ನು ಸರಿಸಿದ್ದು ಯಾರು ಎಂದು ಕೇಳಿದ. ಎಲೋಯಿ ಕಿವಿ ನಿಮಿರಿಸಿದ. ನಾನು ಅಜ್ಜಿಯತ್ತ ನೋಡಿದೆ; ನನ್ನ ಹೆಸರು ಎತ್ತಬೇಡ ಎಂಬ ಮೊರೆ ನೋಟದಲ್ಲಿ ಸಾಕಷ್ಟಿತ್ತು.

“ಬೋಳು ನಮ್ಮಪ್ಪಂದು,” ಎಂದಳು. “ಸರಿಸಿದ್ದು ಇವನು. ನನಗೆ ಈಜು ಎಲ್ಲಿ ಬರುತ್ತೆ?” ಎಂದು ಹಿಂದೆ ಮುಂದೆ ನೋಡದೆ ನನ್ನೆಡೆಗೆ ಬೆರಳು ಮಾಡಿದಳು.

ಅಧಿಕಾರಿ ನನ್ನ ಕೈ ಕುಲುಕಿ ಹುಲ್ಲು ಉಳಿಸಿದ್ದಕ್ಕೆ ಅಭಿನಂದಿಸಿದ. ಎಲೋಯಿ ಅಭಿನಂದಿಸಲಿಲ್ಲ.

ಈಗ ನಾನು ಎಲೋಯಿಯ ಅಂಗಡಿಯ ಹಿತ್ತಲಿನಲ್ಲಿ ಬಾಡಿಗೆಯ ರಬ್ಬರು ಈಜುಡುಗೆ ತೊಳೆಯುತ್ತೇನೆ. ತಣ್ಣೀರಿಗೆ ಇಳಿದ ಮನುಷ್ಯ ಮೈ ಬೆಚ್ಚಗಾಗಿಸಿಕೊಳ್ಳಲು ಉಡುಗೆಯೊಳಗೇ ಏನು ಮಾಡುತ್ತಾನೆಂದು ಈ ಕೆಲಸದವರಿಗಷ್ಟೇ ಗೊತ್ತು. ಬೋಟು ಬೇರೊಂದು ಯಾರೂ ಕಾಣದ ಕೊಲ್ಲಿಗೆ ಹೋಗುತ್ತದೆ. ಎಂಗ್ರಾಸಿಯಾ ಅಜ್ಜಿ ಗೂಡಿನಲ್ಲೇ ಇದ್ದಾಳೆ. ನನಗೆ ಒಂದು ಮೀನೂ ಕಳಿಸಿಲ್ಲ, ಒಂದು ಮಾತೂ ಹೇಳಿಲ್ಲ. ಕಳಿಸಿದ್ದರೆ, ಅವಳ ಆರೋಗ್ಯ ಕೆಟ್ಟಿರಬೇಕೆಂದು ನಾನೇ ವೈದ್ಯರನ್ನು ಕರೆದುಕೊಂಡು ಓಡುತ್ತಿದ್ದೆ.